ಸಿಟ್ಟಿಗೊಂದು ಎಲೆ

ಒಲೆಯ ಮೇಲೆ ಪಾಯಸ ಕುದೀತಿದೆ. ತಿರುವುತ್ತಲೇ ಹೇಳ್ತೀನಿ, ಕೇಳಿ. ಯಾಕಿಷ್ಟು ಅವಸರ ಅಂದರೆ, ನನ್ನಲ್ಲಿ ಸಿಟ್ಟು ಇನ್ನು ಸ್ವಲ್ಪವೇ ಉಳಿದಿರೋದು. ಇವತ್ತು ಬೆಳಿಗ್ಗೆ ಹಾಲಿನವನು ನೀರು ಬೆರೆಸಿದ ಹಾಲು ತಂದು ಸುರಿದ. ಹೋದ ವಾರವಾಗಿದ್ದರೆ ಅವನ ಕ್ಯಾನು ಚರಂಡಿಯಲ್ಲಿ ಉರುಳಾಡ್ತಿತ್ತು. ಇವತ್ತು ನಾನು "ಇರಲಿ ಬಿಡಪ್ಪ" ಅಂದೆ. ಅಂದಮೇಲೆ ನನ್ನ ಬಾಯಿಗೆ ನಾನೇ ಹೊಡ್ಕೊಳ್ಳೋ ಹಾಗಾಯಿತು. ಕಂಪನಿಯವರು ಸಿಟ್ಟು ಇಳಿಸೋಕೆ ಚುಚ್ಚಿದ ಪ್ರಸನ್ನ ಸೂಜಿ ಹತ್ತುತ್ತಾ ಇದೆ. ಪೂರ್ತಿ ಹತ್ತಿಬಿಟ್ಟರೆ ಈ ಕಥೇನ ನಾನು ನಗ್ತಾ ಹೇಳ್ತೀನಿ, ನೀವು ನಗ್ತಾ ಕೇಳಿಕೊಂಡು ಹೋಗ್ತೀರಿ. ಥೂ, ಹಾಗಾಗಬಾರದು.

ಆ ಮದ್ದಿನ ಕಂಪನಿಯ ಚರಿತ್ರೆ ಬೇಕಾದವರಿಗೆ ಕಂಪನಿಯವರೇ ಬೆಳ್ಳಿಹಬ್ಬಕ್ಕೆ ಮಾಡಿಸಿದ ಬಣ್ಣದ ಪುಸ್ತಕ ಇದೆ. ನುಣುಪು ಕಾಗದ, ಪುಟಕ್ಕೊಬ್ಬರು ಹಲ್ಲು ಕಿಸಿದುಕೊಂಡು ನಿಂತಿದ್ದಾರೆ. ನಮ್ಮ ಯಜಮಾನರ ಫೋಟೋನೂ ಇದೆ, ಕೆಳಗೆ "ಪ್ರಥಮ ಫಲಾನುಭವಿ" ಅಂತ ಬರೆದಿದೆ. ಓದಿ, ಬೇಡ ಅನ್ನಲ್ಲ. ಅದರಲ್ಲಿ ಬಿಟ್ಟಿರೋದನ್ನ ಮಾತ್ರ ನನ್ನ ಹತ್ತಿರ ಕೇಳಿ.

ನಮ್ಮೂರಲ್ಲಿ ಹಿರಿಯರಿಂದ ಇಳಿದು ಬರೋ ಮೈಯ ಬಳುವಳಿ ಹುಟ್ಟುತ್ತಲೇ ಬರಲ್ಲ. ನಲವತ್ತು ತುಂಬಿದ ದಿನ ಬರುತ್ತೆ. ಆವತ್ತು ಮನೆಯವರೆಲ್ಲ ಪಂಕ್ತಿಯಲ್ಲಿ ಕೂತು, ಬರೋ ಬಳುವಳಿಗೂ ಬೇರೆ ಒಂದು ಬಾಳೆಎಲೆ ಹಾಕಿ, ತುದಿಗೆ ಪಾಯಸ ಬಡಿಸ್ತಾರೆ. ಆ ಎಲೆಯ ಪಾಯಸ ಸಪ್ಪೆಯಾದರೆ ಬಂತು ಅಂತ. ಕೆಲವರಿಗೆ ಅಜ್ಜನ ಕಂಠ ಬರುತ್ತೆ, ಕೆಲವರಿಗೆ ಸೋದರತ್ತೆಯ ಇರುಳುಗಣ್ಣು. ನಮ್ಮ ಪಕ್ಕದ ಮನೆಯಾಕೆಗೆ ಅವರಜ್ಜಿಯ ಗೊರಕೆ ಬಂದು, ಆಕೆಯ ಗಂಡ ಜಗಲಿಗೆ ಹಾಸಿಗೆ ಹಾಕಿಕೊಂಡ. ಏನೇ ಬಂದರೂ ಎಲೆ ಹಾಕಬೇಕು. ಬಾಗಿಲು ಹಾಕಿಕೊಂಡರೆ ಅದು ಬಂದ ದಾರಿಗೆ ಹೋಗಲ್ಲ, ವಯಸ್ಸು ನೋಡದೆ ಪಂಕ್ತಿಯಲ್ಲಿ ಮುಂದಿನವರ ಎಲೆಗೆ ಹೋಗಿ ಕೂರುತ್ತೆ. ಹಿರಿಯರು ಹೇಳ್ತಿದ್ದ ಮಾತು ಇದು. ನಾವೂ ಹೇಳ್ತಿದ್ವಿ, ಕಂಪನಿ ಬರೋ ತನಕ.

ನಾನು ದಾಕ್ಷಾಯಣಿ. ಸೇರಿದ್ದು ಬಳೆಗಾರರ ಮನೆ. ಯಜಮಾನರ ಹೆಸರು ನನ್ನ ಬಾಯಲ್ಲಿ ಯಾಕೆ, ಊರೆಲ್ಲ ಶಂಭುಲಿಂಗಪ್ಪ ಅನ್ನುತ್ತೆ. ಆ ಮನೆಯ ಬಳುವಳಿ ಬೆರಳು ಮಡಚೋದು. ಮೊದಲು ಕಿರುಬೆರಳು ಒಳಕ್ಕೆ ಬಾಗುತ್ತೆ, ಆಮೇಲೆ ಒಂದೊಂದೇ. ವರ್ಷ ತುಂಬೋದರೊಳಗೆ ಎರಡು ಕೈಯೂ ಮುಷ್ಟಿ, ಮತ್ತೆ ಬಿಚ್ಚಲ್ಲ. ನಮ್ಮ ಮಾವನವರಿಗೆ ಸಾಯೋ ತನಕ ನಾನೇ ತುತ್ತು ಇಟ್ಟೆ. ಊರಿನ ಅರ್ಧ ಹೆಂಗಸರ ಕೈ ಹಿಂಡಿ ಬಳೆ ಏರಿಸಿದ್ದ ಮನುಷ್ಯ, ಬಾಯಿಗೆ ಅನ್ನ ಬಿದ್ದಾಗ ಗೋಡೆ ನೋಡ್ತಿದ್ದರು. ಇದೇ ಬಳುವಳಿ ಊರಲ್ಲಿ ಇನ್ನೆರಡು ಮನೇಲಿತ್ತು, ಪಾತ್ರೆಗೆ ಕಲಾಯಿ ಹಾಕೋ ಜಬ್ಬಾರ್ ಸಾಬರದ್ದು, ಕಸೂತಿ ಹಾಕೋ ಫ್ಲೋರಿನಮ್ಮನದ್ದು. ಮೂರೇ ಮನೆ. ಈ ಮೂರು ಅನ್ನೋದೇ ಆಮೇಲೆ ನಮ್ಮ ಕುತ್ತಿಗೆಗೆ ಬಂತು.

ವಾಮನಮೂರ್ತಿ ಅನ್ನೋ ಡಾಕ್ಟರು ಬಂದು, ಮುಚ್ಚಿಹೋಗಿದ್ದ ಟಾಕೀಸನ್ನ ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ "ಕುಲಕ್ಷೇಮ ಔಷಧಿ" ಅಂತ ಬೋರ್ಡು ಹಾಕಿದರು. ಟಿಕೆಟ್ ಕಿಟಕಿ ಇದ್ದ ಜಾಗದಲ್ಲಿ ರಕ್ತ ತೆಗೀತಿದ್ದರು. ಮೂರು ಮನೆಯವರನ್ನೂ ಕೂರಿಸಿಕೊಂಡು ಅವರು ಹೇಳಿದ್ದು ನನಗಿನ್ನೂ ನೆನಪಿದೆ. "ನೋಡಮ್ಮ, ಮೈಯೊಳಗೆ ಒಂದು ಅಡುಗೆ ಪುಸ್ತಕ ಇರುತ್ತೆ. ಅದರಿಂದ ಚೀಟಿ ಬರೆದು ಅಡುಗೆಮನೆಗೆ ಕಳಿಸ್ತಾರೆ, ಇಂಥದ್ದು ಮಾಡಿ ಅಂತ. ನಿಮ್ಮ ಮನೆ ಪುಸ್ತಕದಲ್ಲಿ ಒಂದು ಕೆಟ್ಟ ಅಡುಗೆ ಇದೆ. ನಾವು ಪುಸ್ತಕ ಮುಟ್ಟಲ್ಲ. ಚೀಟಿ ಅಡುಗೆಮನೆ ಸೇರೋ ಮುಂಚೆ ಹರಿದುಹಾಕ್ತೀವಿ, ಅಷ್ಟೇ." ನಾನಾಗ ಬಾಯಿಲ್ಲದ ಹೆಂಗಸು. ಆದರೂ ಕೇಳಿದೆ, "ಚೀಟಿ ಹರಿದರೆ ಹಸಿದು ಬಂದವನು ಎದ್ದು ಮನೆಗೆ ಹೋಗ್ತಾನಾ ಸ್ವಾಮಿ? ಪಕ್ಕದ ಹೋಟೆಲಿಗೆ ಹೋಗ್ತಾನೆ." ಡಾಕ್ಟರು ನಕ್ಕರು. ಎಲ್ಲರೂ ನಕ್ಕರು.

ಆ ಮನುಷ್ಯನ ಮೇಲೆ ನನಗೆ ಆಗ ಸಿಟ್ಟಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಮದ್ದು ಬೆರಳಿಗೆ ತಲುಪದೆ ದಾರಿಯಲ್ಲೇ ಕರಗಿಹೋಗ್ತಿತ್ತು. ಕಡುಬಿನೊಳಗೆ ಹೂರಣ ಇಡೋ ಹಾಗೆ ಎಣ್ಣೆಯ ಹನಿಯೊಳಗೆ ಮದ್ದಿಟ್ಟು ಕಳಿಸೋದನ್ನ ಕಂಡುಹಿಡಿಯೋಕೆ ವರ್ಷಗಟ್ಟಲೆ ಹಿಡೀತು. ಆ ನಡುವೆ ಸಮುದ್ರದಾಚೆಯ ದೊಡ್ಡ ಕಂಪನಿಯೊಂದು ಪಾಲು ಹಾಕ್ತೀವಿ ಅಂತ ಮದುವೆ ದಿಬ್ಬಣದ ಹಾಗೆ ಬಂತು. ಶಾಮಿಯಾನ ಹಾಕಿಸಿದರು, ಊರಿಗೆಲ್ಲ ಲಾಡು ಹಂಚಿದರು. ಎರಡು ವರ್ಷ ಆಗಿರಲಿಲ್ಲ, ಇದರಲ್ಲಿ ಲಾಭ ಕಾಣಲ್ಲ ಅಂತ ಹೇಳದೆ ಕೇಳದೆ ಎದ್ದುಹೋದರು. ಕೆಲಸದವರನ್ನೆಲ್ಲ ಮನೆಗೆ ಕಳಿಸಿದರು, ಟಾಕೀಸಿನ ಕರೆಂಟು ಕಿತ್ತರು. ಡಾಕ್ಟರು ಮದ್ದಿನ ಡಬ್ಬಿಗಳನ್ನ ಎದೆಗೆ ಅವಚಿಕೊಂಡು ತಮ್ಮ ಮನೆಗೆ ಓಡಿದರು. ಫ್ರಿಜ್ಜಿನಿಂದ ಇಡ್ಲಿ ಹಿಟ್ಟಿನ ಪಾತ್ರೆ ತೆಗೆದು ಹೊರಗಿಟ್ಟು, ಅಲ್ಲಿ ಮದ್ದು ಇಟ್ಟರು. ಹಿಟ್ಟು ಹುಳಿ ಬಂತು ಅಂತ ಅವರ ಹೆಂಡತಿ ಬೈದದ್ದು ಬೀದಿಗೆಲ್ಲ ಕೇಳಿತ್ತು. ಬಣ್ಣದ ಪುಸ್ತಕದಲ್ಲಿ ಈ ಫ್ರಿಜ್ಜು ಇಲ್ಲ. "ಪುನರ್ರಚನೆಯ ಕಾಲ" ಅಂತ ಒಂದು ಸಾಲು ಇದೆ.

ನಮ್ಮ ಯಜಮಾನರಿಗೆ ನಲವತ್ತು ತುಂಬೋ ಹೊತ್ತಿಗೆ ಮದ್ದು ಸಿದ್ಧವಾಗಿತ್ತು. ಚುಚ್ಚಿಸಿಕೊಂಡರು. ಆ ದಿನ ಎಲೆ ಹಾಕಿ ಕೂತರೆ ಪಾಯಸ ಸಿಹಿಯಾಗೇ ಇತ್ತು. ಸಂಜೆಯಾದರೂ ಸಿಹಿ. ಡಾಕ್ಟರು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅವರ ಫೋಟೋ, ಯಜಮಾನರ ಫೋಟೋ ಪೇಪರಿಗೆ ಬಂತು. ಸರಿಯಾಗಿ ಆ ತಿಂಗಳಲ್ಲೇ ನಮ್ಮ ಮಗಳು ಮುಕ್ತೆ, ಆಗಿನ್ನೂ ಹನ್ನೆರಡು ವರ್ಷ, ಬಳೆ ಪೋಣಿಸಿಟ್ಟ ಮಲಾರದಿಂದ ಹಸಿರು ಬಳೆ ಎತ್ತಿಕೊಳ್ಳೋಕೆ ಹೋಗಿ ಬೀಳಿಸಿದಳು. "ಅಮ್ಮ, ಕಿರುಬೆರಳು ನೆಟ್ಟಗೆ ಬರ್ತಾ ಇಲ್ಲ" ಅಂದಳು. ಬೆರಳು ಒಳಕ್ಕೆ ಬಾಗಿತ್ತು.

ಕಂಪನಿಗೆ ಎಳೆದುಕೊಂಡು ಹೋದೆ. ಪಂಕ್ತಿಯಲ್ಲಿ ಮುಂದಿನವಳಿಗೆ ಬಂದಿದೆ ಸ್ವಾಮಿ ಅಂದೆ. ಕೋಟು ಹಾಕಿದವರೆಲ್ಲ ಕೂತು ಮಾತಾಡಿ, ಇದು ಕಾಕತಾಳೀಯ, ಬಳುವಳಿ ಬೇಗ ಬಂದಿದೆ ಅಷ್ಟೇ, ಪಂಕ್ತಿ ಗಿಂಕ್ತಿ ಅನ್ನೋದು ಮೂಢನಂಬಿಕೆ ಅಂದರು. ಅವಳಿಗೂ ಸೂಜಿ ಶುರುಮಾಡಿದರು. ಆರು ತಿಂಗಳಿಗೊಂದು. ಬೆರಳು ನೆಟ್ಟಗಾಯಿತು. ಅವಳ ಆಚೆ ಪಂಕ್ತಿಯಲ್ಲಿ ಯಾರೂ ಇಲ್ಲ, ಅದು ಹೊರಗೇ ನಿಂತಿದೆ, ಸೂಜಿ ತಪ್ಪಿದ ದಿನ ಒಳಗೆ ಬರುತ್ತೆ. ನನಗಾಗ ನಲವತ್ತಾಗಿರಲಿಲ್ಲ. ಅತ್ತು, ಸೆರಗಲ್ಲಿ ಮೂಗು ಒರೆಸಿಕೊಂಡು ಮನೆಗೆ ಬಂದೆ.

ನನಗೂ ನಲವತ್ತಾಯಿತು. ನಮ್ಮ ತೌರಿನ ಬಳುವಳಿ ಸಿಟ್ಟು. ನಮ್ಮಜ್ಜಿಗೆ ಇತ್ತು, ನಮ್ಮಮ್ಮನಿಗೆ ಇತ್ತು. ಎಲೆ ಹಾಕಿ ಕೂತೆ, ಆ ಎಲೆಯ ಪಾಯಸ ಬಾಯಿಗಿಟ್ಟೆ, ಸಪ್ಪೆ. ನಮ್ಮ ಮೈದುನ "ಇನ್ನು ಅತ್ತಿಗೆಗೆ ಹೆದರಬೇಕಪ್ಪ" ಅಂತ ಕಿಸಕ್ಕಂದ. ಸೌಟು ಹೋಗಿ ಅವನ ಕಿವಿ ಪಕ್ಕದ ಗೋಡೆಗೆ ಬಿತ್ತು. ಎಂಥಾ ನಿರಾಳ ಆಯಿತು ಅಂತೀರಿ. ಅಷ್ಟು ವರ್ಷ ಗಂಟಲಲ್ಲಿ ನಿಂತಿದ್ದದ್ದೆಲ್ಲ ದಾರಿ ಕಂಡಿತು. ತೂಕದಲ್ಲಿ ಮೋಸ ಮಾಡ್ತಿದ್ದ ಅಂಗಡಿಯವನು ನನ್ನ ನೆರಳು ಕಂಡರೆ ತಕ್ಕಡಿ ಒರೆಸ್ತಿದ್ದ. ನಲ್ಲಿ ನೀರು ಎರಡು ದಿನ ತಪ್ಪಿದರೆ ನಾನು ಕೊಡ ಹಿಡಿದು ಹೊರಟರೆ ಸಾಕು, ಹಿಂದೆ ಹತ್ತು ಜನ ಬರ್ತಿದ್ದರು. ಸಿಟ್ಟೂ ಒಂದು ಆಸ್ತಿ ಅಂತ ನನಗೆ ಗೊತ್ತಾಗಿದ್ದೇ ಆಗ.

ಅಷ್ಟರಲ್ಲಿ ಕಂಪನಿಯ ಬೋರ್ಡು ಬದಲಾಯಿತು. ಹೊಸ ಪಾಲುದಾರರು ಬಂದರು, ಟಾಕೀಸು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದರು, "ಪ್ರಸನ್ನ ಲೈಫ್" ಅಂತ ಹೆಸರಿಟ್ಟರು. ನಡೆಸೋಕೆ ಮಂದಾಕಿನಿ ಮೇಡಂ ಅಂತ ಒಬ್ಬರು ಬಂದರು. ಡಾಕ್ಟರಿಗೆ ಗೌರವ ಸಲಹೆಗಾರ ಅಂತ ಶಾಲು ಹೊದಿಸಿ ಮೂಲೆಯ ಕೋಣೆಯಲ್ಲಿ ಕೂರಿಸಿದರು. ಮೂರು ಮನೆಗೆ ಮದ್ದು ಮಾಡಿ ಯಾವ ಗಾಜಿನ ಕಟ್ಟಡ ನಿಲ್ಲುತ್ತೆ? ಬೆರಳು ಮೂರು ಮನೇಲಿ ಮಡಚಿದರೆ ಸಿಟ್ಟು ಊರೆಲ್ಲ ಇದೆ. ಅದರ ಚೀಟಿ ಹರಿಯೋ ಸೂಜಿ ಮಾಡಿದರು. ಪ್ರಸನ್ನ ಸೂಜಿ.

ಮೊದಲು ಅತ್ತೆಯರು ಸೊಸೆಯರಿಗೆ ಹಾಕಿಸಿದರು. ಸೊಸೆಯರು ಸುಮ್ಮನಿರ್ತಾರಾ, ಅತ್ತೆಯರಿಗೆ ಹಾಕಿಸಿದರು. ಗಿರಣಿಯವರು ಕೂಲಿಯಾಳುಗಳಿಗೆ ಹಾಕಿಸಿದರು. ಹೆಣ್ಣು ನೋಡೋಕೆ ಬಂದವರು ಜಾತಕಕ್ಕೆ ಮುಂಚೆ "ಪ್ರಸನ್ನ ಆಗಿದೆಯಾ?" ಅಂತ ಕೇಳೋಕೆ ಶುರುಮಾಡಿದರು. ಬೆರಳಿನ ಮದ್ದು ತಗೊಳ್ಳೋ ಮೂರು ಮನೆಯ ದೊಡ್ಡವರಿಗೆ ಇದು ಪುಕ್ಕಟೆ. ಹುಟ್ಟಾ ಸಿಟ್ಟೇ ಇಲ್ಲದ ನಮ್ಮ ಯಜಮಾನರೂ ಹಾಕಿಸಿಕೊಂಡು ಬಂದರು. "ಮನೇಲಿ ಇಬ್ಬರಲ್ಲಿ ಒಬ್ಬರಾದರೂ ತಣ್ಣಗಿರಬೇಕಲ್ಲ ಕಣೆ" ಅಂದರು. ಊರು ಎಷ್ಟು ತಣ್ಣಗಾಯಿತು ಅಂದರೆ, ನಲ್ಲಿ ನೀರು ವಾರ ತಪ್ಪಿದರೂ ಜನ ಖಾಲಿ ಕೊಡ ಇಟ್ಟುಕೊಂಡು ಹವಾ ಚೆನ್ನಾಗಿದೆ ಅಂತ ಮಾತಾಡ್ತಾ ನಿಂತಿರ್ತಿದ್ದರು. ಸ್ಕೂಲಲ್ಲಿ ಮಾತ್ರ ಮಕ್ಕಳು ಒಬ್ಬರಿಗೊಬ್ಬರು ಕಚ್ಚೋದು, ಬೆಂಚು ಒದೆಯೋದು ಜಾಸ್ತಿಯಾಯಿತು. ಹೆಡ್ ಮಾಸ್ತರು ಹಣೆಗೆ ಬ್ಯಾಂಡೇಜು ಕಟ್ಟಿಕೊಂಡು "ಈಗಿನ ಮಕ್ಕಳು ಚುರುಕು" ಅಂತ ನಗ್ತಿದ್ದರು. ಎಲ್ಲಿಂದ ಬಂತು ಮಕ್ಕಳಿಗೆ ಇಷ್ಟು ಸಿಟ್ಟು ಅಂತ ಕೇಳಬೇಕಾದರೂ ದೊಡ್ಡವರಲ್ಲಿ ಒಂಚೂರು ಸಿಟ್ಟಿರಬೇಕಿತ್ತು.

ಹೋದ ಸಲ ಮುಕ್ತೆಗೆ ಸೂಜಿ ಹಾಕಿಸೋಕೆ ಹೋದಾಗ, ಕೌಂಟರಿನ ಹುಡುಗಿ ಮುಗುಳ್ನಗ್ತಾ "ಇದೇ ಕೊನೇದು ಆಂಟಿ, ಬೆರಳಿನ ಮದ್ದು ನಿಲ್ಲಿಸ್ತಾ ಇದ್ದಾರೆ" ಅಂದಳು. ಮುಕ್ತೆಗೆ ಈಗ ಹತ್ತೊಂಬತ್ತು. ಅವಳ ಕೈ ನೋಡಬೇಕು ನೀವು. ಗಿಣ್ಣು ದಪ್ಪ ಇರೋ ಮುದುಕಿಯರ ಕೈಗೂ ನೋವಾಗದ ಹಾಗೆ, ಒಂದು ಬಳೆಯೂ ಒಡೀದ ಹಾಗೆ ಏರಿಸ್ತಾಳೆ. ಜೋರಾಗಿ ಮಾತಾಡಿದವಳೇ ಅಲ್ಲ. ಆ ಮಾತು ಕೇಳಿ ತನ್ನ ಎರಡೂ ಕೈಯನ್ನ ದುಪಟ್ಟಾದೊಳಗೆ ಇಟ್ಟುಕೊಂಡಳು, ಯಾರೋ ಕಿತ್ತುಕೊಳ್ಳೋಕೆ ಬಂದಿದ್ದಾರೆ ಅನ್ನೋ ಹಾಗೆ. ನಾನು ನೋಡಿದೆ. ಅದೊಂದನ್ನ ಈ ಸೂಜಿ ನನ್ನಿಂದ ಅಳಿಸಬಾರದು ದೇವರೇ.

ಜಬ್ಬಾರ್ ಸಾಬರ ಮನೆಗೆ ಹೋದೆ. ಬನ್ನಿ, ಮೂರು ಮನೆಯೂ ಹೋಗಿ ಗೇಟಿಗೆ ಕೂರೋಣ ಅಂದೆ. ಅವರ ಮಗ ಎದುರಿಗೇ ಕೂತು ಅಪ್ಪನ ತವರದ ಕಡ್ಡಿಗಳನ್ನ ಜೋಡಿಸ್ತಿದ್ದ, ಮದ್ದು ನಿಂತರೆ ಮೊದಲು ಮಡಚೋದು ಅವನ ಕೈ. ಸಾಬರು ಚಹಾ ಕೊಟ್ಟು "ಕಂಪನಿಗೂ ಅವರದ್ದೇ ಕಷ್ಟ ಇರುತ್ತೆ ತಾಯಿ" ಅಂದರು. ಫ್ಲೋರಿನಮ್ಮ "ಪ್ರಾರ್ಥನೆ ಮಾಡೋಣ ದಾಕ್ಷಕ್ಕ" ಅಂದರು. ಆಯಮ್ಮ ಒಂದು ಕಾಲದಲ್ಲಿ ಬಟ್ಟೆಯಂಗಡಿ ಸಾಹುಕಾರನ ಮುಖಕ್ಕೆ ಕಸೂತಿ ಬಟ್ಟೆ ಎಸೆದು ಬಂದಿದ್ದವಳು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, "ನಾನೇ ಅವಳಿಗೆ ತುತ್ತು ಇಡ್ತೀನಿ ಬಿಡು, ಮಗಳಲ್ವಾ" ಅಂದರು. ನಗ್ತಾ ಅಂದರು. ಸೌಟು ಕೈಗೆ ತಗೊಂಡು ಹಾಗೇ ಕೆಳಗಿಟ್ಟೆ. ಬೈದರೆ ಯಾರಿಗೆ ತಾಗಬೇಕು?

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಮೂಲೆಯ ಕೋಣೆ, ಮೇಲೊಂದು ಫ್ಯಾನು. "ಸ್ವಾಮಿ, ಇಡ್ಲಿ ಹಿಟ್ಟು ಹೊರಗಿಟ್ಟು ಮದ್ದು ಕಾಪಾಡಿದವರು ನೀವು. ಈಗ ಅದನ್ನೇ ನಿಲ್ಲಿಸ್ತಿದ್ದಾರೆ" ಅಂದೆ. ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ಏನೋ ಒಂದು ಏಳೋಕೆ ನೋಡಿತು, ಏಳಲಿಲ್ಲ. "ಎಲ್ಲಾ ಒಳ್ಳೆಯದಕ್ಕೇ ಆಗಿರುತ್ತೆ ದಾಕ್ಷಾಯಣಿ" ಅಂದರು. ಆಮೇಲೆ ಮೆಲ್ಲಗೆ, "ನನಗೂ ಹಾಕಿದ್ದಾರೆ" ಅಂದರು. ಆ ಕೋಣೆಯಿಂದ ಹೊರಗೆ ಬಂದು ನಾನು ಅತ್ತೆ. ಅತ್ತು ಮುಗಿದ ಮೇಲೆ ಗೇಟಿನ ಮುಂದೆ ನಿಂತು ಬಾಯಿಗೆ ಬಂದಂಗೆ ಬೈದೆ.

ದಿನಾ ಬೈದೆ. ಒಬ್ಬಳೇ. ಕಾವಲಿನವನು ನನಗೆ ಕುರ್ಚಿ ತಂದುಕೊಟ್ಟ, ಮಜ್ಜಿಗೆ ತಂದುಕೊಟ್ಟ. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತೆ, ಇವರು ಹತ್ತಿಯ ಮೂಟೆಗಳು. ಆದರೆ ಬೆಳ್ಳಿಹಬ್ಬ ಹತ್ತಿರ ಬರ್ತಿತ್ತು. ದೂರದೂರದಿಂದ ಪಾಲುದಾರರು ಬರೋರಿದ್ದರು. ಬೀದಿ ತುಂಬ ಬ್ಯಾನರು ಕಟ್ಟಿದ್ದರು, "ಸಿಟ್ಟಿಲ್ಲದ ಊರಿಗೆ ಸ್ವಾಗತ" ಅಂತ. ಆ ಬ್ಯಾನರಿನ ಕೆಳಗೆ ನಿಂತು ನಾನು ಬೈತಿದ್ದೆ.

ಮಂದಾಕಿನಿ ಮೇಡಂ ಒಳಗೆ ಕರೆಸಿದರು. ಈಯಮ್ಮ ಸೂಜಿ ಹಾಕಿಸಿಕೊಂಡಿರಲಿಲ್ಲ, ನೋಡಿದ ಕೂಡಲೇ ಗೊತ್ತಾಯಿತು. ಮಾರೋರು ತಿನ್ನಲ್ಲ. "ನೋಡಿ ದಾಕ್ಷಾಯಣಿಯವರೇ, ಊರಲ್ಲಿ ಉಳಿದಿರೋದು ನೀವೊಬ್ಬರು. ನೀವು ಪ್ರಸನ್ನ ತಗೊಳ್ಳಿ. ನಿಮ್ಮ ಮಗಳಿಗೆ ಬದುಕಿರೋ ತನಕ ಬೆರಳಿನ ಮದ್ದು ಕೊಡ್ತೀವಿ" ಅಂದರು.

"ಮೂರು ಮನೆಗೂ" ಅಂದೆ.

ಸ್ವಲ್ಪ ಯೋಚಿಸಿ, "ಆಯಿತು, ಮೂರು ಮನೆಗೂ" ಅಂದರು.

"ಇಲ್ಲಿ ಹೇಳಿದರೆ ಆಗಲ್ಲ. ಬೆಳ್ಳಿಹಬ್ಬದ ವೇದಿಕೆ ಮೇಲೆ, ಬಂದವರ ಎದುರಿಗೆ, ಮೈಕಲ್ಲಿ ಹೇಳಬೇಕು. ಹೇಳಿದ ಮೇಲೆ ನಾನು ತೋಳು ಕೊಡ್ತೀನಿ. ಇನ್ನೊಂದು ಮಾತು. ನನ್ನ ಮಗಳ ಮೈಗೆ ಬೆರಳಿನ ಸೂಜಿ ಬಿಟ್ಟು ಬೇರೆ ಸೂಜಿ ಯಾವತ್ತೂ ತಾಗಬಾರದು. ಅದನ್ನೂ ಮೈಕಲ್ಲೇ ಹೇಳಬೇಕು."

ಮೇಡಂ ನಕ್ಕರು. "ನಿಮ್ಮ ಮಗಳಿಗಾ? ಆ ಹುಡುಗಿ ಇರುವೆಗೂ ದಾರಿ ಬಿಡ್ತಾಳೆ. ಅವಳಿಗೆ ಪ್ರಸನ್ನ ಯಾಕೆ ಬೇಕು?" ಪಂಕ್ತಿಯ ಮಾತು ಆಯಮ್ಮನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೀಬೇಕು? ಅವರ ಬಣ್ಣದ ಪುಸ್ತಕದಲ್ಲಿ ಅದು ಕಾಕತಾಳೀಯ. ತಾವು ಬರೆಸಿದ್ದನ್ನ ತಾವೇ ನಂಬಿಕೊಂಡು ಕೂತಿದ್ದರು.

ಆವತ್ತು ಸಂಜೆ ಮುಕ್ತೆಯನ್ನ ಹಿತ್ತಲಿಗೆ ಕರೆದು, ನಾನು ಬಾಗಿಲು ಹಾಕಿಕೊಂಡರೆ ನನ್ನ ಸಿಟ್ಟು ಅವಳ ಎಲೆಗೆ ಬರುತ್ತೆ ಅಂತ ಎಲ್ಲಾ ಹೇಳಿದೆ. ಹೆತ್ತವಳು ಮಗಳಿಗೆ ಕೊಡೋ ಉಡುಗೊರೆಯೇ ಇದು ಅಂತ ನೀವು ಕೇಳಬಹುದು. ಕೊಟ್ಟ ಮಾತನ್ನ ಕಂಪನಿ ನಡೆಸೋ ಹಾಗೆ ಮಾಡೋಕೆ ಊರಲ್ಲಿ ಒಬ್ಬರಿಗಾದರೂ ಸಿಟ್ಟಿರಬೇಕಲ್ಲ. ಆದರೂ ನೋಡಿ, ಹಸುವಿನಂಥ ಹುಡುಗಿ, ನಾಳೆ ಯಾರು ಮದುವೆಯಾಗ್ತಾರೆ, ಜನ ಏನಂತಾರೆ. "ಬೇಡ ಅಂದರೆ ಈಗಲೇ ಹೇಳು, ನಾನು ಸೂಜಿ ಹಾಕಿಸಿಕೊಳ್ಳಲ್ಲ. ಬೇರೆ ದಾರಿ ನೋಡೋಣ" ಅಂದೆ. ಬೇರೆ ದಾರಿ ಇರಲಿಲ್ಲ, ಅವಳಿಗೂ ಗೊತ್ತಿತ್ತು. ತನ್ನ ಬೆರಳುಗಳನ್ನ ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡಳು. "ಬರಲಿ ಅಮ್ಮ, ಎಲೆ ಹಾಕು" ಅಂದಳು.

ವೇದಿಕೆ ಮೇಲೆ ಎಲ್ಲಾ ಅವರಂದುಕೊಂಡ ಹಾಗೇ ಆಯಿತು. ಮೇಡಂ ಮೈಕಲ್ಲಿ ಮಾತು ಕೊಟ್ಟರು, ನಾನು ಹೇಳಿದ ಎರಡೂ ಮಾತು, ಒಂದೂ ಬಿಡದೆ. ಬಂದವರು ವಿಡಿಯೋ ಮಾಡಿಕೊಂಡರು. ನನ್ನ ತೋಳಿಗೆ ಸೂಜಿ ಇಳಿಯೋವಾಗ ಚಪ್ಪಾಳೆ ಬಿತ್ತು. ಆಮೇಲೆ ಮುಕ್ತೆ ಮೇಡಂಗೆ ಬಳೆ ತೊಡಿಸಬೇಕು ಅಂತ ಕಾರ್ಯಕ್ರಮ. ಅವರ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ, ಒಂದು ಡಜನ್ ಗಾಜಿನ ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ. "ಎಷ್ಟು ಮೃದುವಾದ ಹುಡುಗಿ" ಅಂತ ಮೇಡಂ ಮೈಕಲ್ಲೇ ಹೊಗಳಿದರು.

ಅವತ್ತಿನಿಂದ ದಿನಾ ಮಧ್ಯಾಹ್ನ ಎಲೆ ಹಾಕ್ತಾ ಇದ್ದೀನಿ. ದಿನಾ ಪಾಯಸ. ಯಜಮಾನರು "ಏನು ವಿಶೇಷ" ಅಂತಾರೆ, ಉಂಡು ಮಲಗ್ತಾರೆ. ನಿನ್ನೆ ತನಕ ಸಿಹಿಯಾಗೇ ಇತ್ತು. ಇವತ್ತು ಹಾಲಿನವನಿಗೆ ಇರಲಿ ಬಿಡಪ್ಪ ಅಂದೆನಲ್ಲ, ಅದಕ್ಕೇ ಸಕ್ಕರೆ ಒಂದು ಹಿಡಿ ಜಾಸ್ತಿಯೇ ಹಾಕಿದ್ದೀನಿ, ಅನುಮಾನ ಉಳೀಬಾರದು ಅಂತ. ನೋಡಿ, ಹೇಳ್ತಾ ಹೇಳ್ತಾ ನನ್ನ ದನಿ ಇಳೀತಾ ಇದೆ. ಮೇಡಂ ಮುಖ ನೆನೆಸಿಕೊಂಡರೆ, ಪಾಪ, ಅವರಿಗೂ ಮೇಲಿನವರ ಕಾಟ ಇರುತ್ತೇನೋ ಅನಿಸ್ತಿದೆ. ಎಂಥಾ ಮಾತು ಬಂತು ನನ್ನ ಬಾಯಲ್ಲಿ. ಕೌಂಟರಿನ ಮುಂದೆ ಮುಕ್ತೆ ಕೈ ಬಚ್ಚಿಟ್ಟುಕೊಂಡದ್ದು ನೆನೆಸಿಕೊಂಡರೂ ಅಳು ಬರುತ್ತೆ, ಸಿಟ್ಟು ಬರ್ತಿಲ್ಲ.

ಪಾಯಸ ಆಯಿತು, ಇಳಿಸಿದೆ. ಎಲೆ ಹಾಕಿದೆ. ಮುಕ್ತೆ ಮಲಾರ ಬದಿಗಿಟ್ಟು, ಕೈಕಾಲು ತೊಳೆದು ಬಂದು ಕೂತಿದ್ದಾಳೆ. ಬರೋದಕ್ಕೆ ಅಂತ ಹಾಕಿದ ಪಕ್ಕದ ಎಲೆಯ ತುದಿಯಿಂದ ಒಂದು ಬೆರಳಲ್ಲಿ ಪಾಯಸ ತೆಗೆದು ನಾಲಿಗೆಗೆ ಇಟ್ಟಳು. ಇನ್ನೊಂದು ಸಲ ತೆಗೆದಳು.

"ಅಮ್ಮ, ಸಕ್ಕರೆ ಹಾಕಲೇ ಇಲ್ವಾ?"

ಹಾಕಿದ್ದೀನಿ ಕಂದ, ಅಂದೆ.

ಅವಳು ಎಲೆ ನೋಡ್ತಾ ಇದ್ದಾಳೆ. ಕಿವಿ ಕೆಂಪಗಾಗಿದೆ, ನಮ್ಮಜ್ಜಿಗೂ ಮೊದಲು ಕಿವಿಯೇ ಕೆಂಪಾಗ್ತಿತ್ತು. ಕೆಳಗಿಟ್ಟ ಎರಡೂ ಕೈ ಮೆಲ್ಲಗೆ ಮುಷ್ಟಿಯಾದವು. ಬೆರಳಿನ ಬಳುವಳಿಯೇ ಒಳಗೆ ಬಂದುಬಿಟ್ಟಿತಾ ಅಂತ ಬಗ್ಗಿ ನೋಡಿದೆ. ಅವಳು ಮುಷ್ಟಿ ಬಿಚ್ಚಿದಳು. ಹತ್ತು ಬೆರಳೂ ನೆಟ್ಟಗಿದ್ದವು. ಮತ್ತೆ ಮುಷ್ಟಿ ಮಾಡಿದಳು, ತಾನಾಗಿ, ಬೇಕು ಅಂತ.

"ಅಮ್ಮ," ಅಂದಳು, ಇಷ್ಟು ವರ್ಷ ನಾನು ಕೇಳದೇ ಇದ್ದ ದನಿಯಲ್ಲಿ, "ಕಂಪನಿ ಗೇಟು ಎಷ್ಟು ಹೊತ್ತಿಗೆ ಮುಚ್ತಾರೆ?"

ಊಟ ಮಾಡಿ ಹೋಗು ಅಂದೆ. ಅವಳು ಕೂತು ಪೂರ್ತಿ ಊಟ ಮಾಡಿದಳು, ಆ ಸಪ್ಪೆ ಪಾಯಸವನ್ನೂ ಬಿಡಲಿಲ್ಲ, ಎಲೆ ಮಡಚಿ ಎದ್ದಳು.